ಬಾಡಿದ ದೊಡ್ಡಪತ್ರೆ

ಗತಿಸಿದ ನಮ್ಮ ಮನೆಯಾಕೆ ಸ್ವಹಸ್ತದಿಂದ ನೆಟ್ಟಿದ್ದ ದೊಡ್ಡಪತ್ರೆಯ ಕುಂಡವನ್ನು, ಮಳೆಗೆ ಕೊಳೆತೀತೆಂದು ಹೆದರಿ, ನಾವು ನಡುಮನೆಯ ಮೂಲೆಗೆ ತಂದಿರಿಸಿದೆವು. ನೀರೆರೆದರೂ ಗೊಬ್ಬರವಿಕ್ಕಿದರೂ ಅದು ದಿನದಿನಕ್ಕೆ ಬಿಳಿಚಿತು.

ಒಂದು ಸಂಜೆ ಮೊಮ್ಮಗಳು 'ಸೈಲೆಂಟ್ ರನ್ನಿಂಗ್' ಎಂಬ 1972ರ ಅಮೆರಿಕದ ಚಿತ್ರವನ್ನು ತೋರಿಸಿದಳು. ಅದರ ನಿರ್ದೇಶಕರು ಡಗ್ಲಸ್ ಟ್ರಂಬುಲ್. ಭೂಮಿಯ ಕಡೆಯ ಅರಣ್ಯಗಳು ಗುಮ್ಮಟಗಳೊಳಗೆ ಶನಿಗ್ರಹದ ಬಳಿ ತೇಲುತ್ತಿರುತ್ತವೆ. ಅವನ್ನು ನಾಶಮಾಡಬೇಕೆಂಬ ಆಜ್ಞೆ ಬರಲು, ಸಸ್ಯಪಾಲಕನಾದ ಲೋವೆಲನು ಧಿಕ್ಕರಿಸಿ ಒಂದು ವನವನ್ನು ಉಳಿಸಿಕೊಳ್ಳುತ್ತಾನೆ. ಆದರೆ ಅದೇಕೆ ಬಾಡುತ್ತಿದೆಯೆಂಬುದು ಅವನಿಗೇ ಹೊಳೆಯದು! ಸೂರ್ಯನ ಬೆಳಕು ಸಾಲದೆಂದು ತಡವಾಗಿ ಅರಿತು ದೀಪಗಳನ್ನಿಡುತ್ತಾನೆ.

"ತಾತ, ನಮ್ಮ ದೊಡ್ಡಪತ್ರೆ?" ಎಂದಿತು ಮಗು. ಬಹುಕಾಲ ಪಾಠ ಹೇಳಿದ ನಾವು ನಾಚಿದೆವು.

ಮರುದಿನವೇ ಕುಂಡವು ಜಗಲಿಯ ಬಿಸಿಲಿಗೆ ಬಂದಿತು. ಪಕ್ಷವೊಂದು ಕಳೆಯಲು ಚಿಗುರು ಮೂಡಿತು. ಈಗ ಮಗುವಿನ ಕೆಮ್ಮಿಗೆ ಅಜ್ಜಿಯ ಗಿಡದ ಎಲೆಯ ರಸವೇ ಔಷಧ.