ಹರದಾರಿಯ ಲೆಕ್ಕ

ಭರತ ಹುಣ್ಣಿಮೆಯಿಂದ ಮಹಾಶಿವರಾತ್ರಿಯವರೆಗಿನ ಒಂದು ಪಕ್ಷದಲ್ಲಿ ನೀಲಗುಂದದ ಸುತ್ತಣ ದಾರಿಗಳಿಗೆ ರಾತ್ರಿಯೆಂಬುದೇ ಇಲ್ಲ. ಹುಣ್ಣಿಮೆಗೆ ಮೈಲಾರ, ಶಿವರಾತ್ರಿ ಇನ್ನು ಕೆಲವೇ ದಿನಗಳಿದೆ ಎನ್ನುವಾಗ ಕೊಟ್ಟೂರಿನ ತೇರು, ಶಿವರಾತ್ರಿಯ ಆಸುಪಾಸಿನಲ್ಲಿ ಕುರುವತ್ತಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳ ಜನ ಕಾಲ್ನಡಿಗೆಯಲ್ಲಿ, ಬಂಡಿಯಲ್ಲಿ, ಈಗೀಗ ಟ್ರ್ಯಾಕ್ಟರಿನಲ್ಲಿ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸಾಗುತ್ತಲೇ ಇರುತ್ತಾರೆ. ಸುಗ್ಗಿ ಮುಗಿಯುವ ಕಾಲ. ಎತ್ತುಗಳಿಗೂ ಒಕ್ಕಲು ಮಕ್ಕಳಿಗೂ ಒಟ್ಟಿಗೆ ಬಿಡುವು ದೊರೆಯುವುದು ಆಗ ಮಾತ್ರ.

ಹಿಂದಿನವರು ಈ ದಾರಿಯನ್ನು ಹರದಾರಿಯಲ್ಲಿ ಅಳೆಯುತ್ತಿದ್ದರು. ಒಂದು ಹರದಾರಿಯೆಂದರೆ ಸುಮಾರು ಮೂರು ಮೈಲಿ; ಇಂದಿನ ಲೆಕ್ಕದಲ್ಲಿ ಐದು ಕಿಲೋಮೀಟರಿಗೆ ತುಸು ಕಡಿಮೆ. ಈ ಅಳತೆಯಲ್ಲೊಂದು ಸೊಗಸಿದೆ. ಹೊರೆ ಹೆಚ್ಚಿಲ್ಲದ ಬಂಡಿಯನ್ನು ಎಳೆಯುವ ಜೋಡೆತ್ತು, ಯಾರೂ ಅವಸರಪಡಿಸದಿದ್ದರೆ, ಸುಮಾರು ಒಂದೂವರೆ ಗಂಟೆಯಲ್ಲಿ ಒಂದು ಹರದಾರಿ ನಡೆಯುತ್ತದೆ. ಆದುದರಿಂದ ಹರದಾರಿಯು ನೆಲದ ಅಳತೆಯಾದಂತೆಯೇ ಎತ್ತಿನ ಉಸಿರಿನ ಅಳತೆಯೂ ಆಗಿತ್ತು. ಸರಕಾರಗಳು ಮೈಲಿಗಲ್ಲು ನೆಟ್ಟವು, ಅನಂತರ ಅವನ್ನು ಕಿತ್ತು ಕಿಲೋಮೀಟರಿನ ಕಲ್ಲು ನೆಟ್ಟವು. ಎತ್ತಿನ ನಡಿಗೆ ಮಾತ್ರ ಇದ್ದಂತೆಯೇ ಇದ್ದಿತು. 1953ರವರೆಗೆ ನೀಲಗುಂದ ಮದರಾಸಿನ ಆಡಳಿತದಲ್ಲಿತ್ತು, ದಾವಣಗೆರೆ ಮೈಸೂರಿನದಾಗಿತ್ತು, ತುಂಗಭದ್ರೆಯ ಆಚೆ ದಡದ ಧಾರವಾಡ ಸೀಮೆ ಮುಂಬಯಿಗೆ ಸೇರಿತ್ತು. ಮೂರು ಸರಕಾರಗಳ ಬಂಡಿಗಳು ಮೈಲಾರದ ಬಯಲಿನಲ್ಲಿ ಒಂದೇ ಸಾಲಿನಲ್ಲಿ ಕೊಳ್ಳು ಬಿಚ್ಚುತ್ತಿದ್ದವು.

ದೂರದ ಪಯಣ ಬಂಡಿ ಹೂಡಿದ ಗಳಿಗೆಯಲ್ಲಿ ಆರಂಭವಾಗುವುದಿಲ್ಲ; ಅದಕ್ಕೂ ವಾರ ಹತ್ತು ದಿನ ಮೊದಲೇ, ಲಾಳ ಕಟ್ಟುವವನ ಮುಂದೆ ಆರಂಭವಾಗುತ್ತದೆ. ಎತ್ತಿನ ಗೊರಸು ಸೀಳಿದ ಗೊರಸು. ಕುದುರೆಗೆ ನಾಲ್ಕು ಲಾಳ ಸಾಕಾದರೆ ಎತ್ತಿಗೆ ಎಂಟು ಬೇಕು, ಜೋಡಿಗೆ ಹದಿನಾರು. ಮುನ್ನಾದಿನ ಲಾಳ ಕಟ್ಟಿಸಿ ಮರುದಿನ ಹೊರಡುವವನನ್ನು ಬಲ್ಲವರು ಬುದ್ಧಿವಂತನೆನ್ನರು. ಮೊಳೆಯೊಂದು ಜೀವದ ಭಾಗಕ್ಕೆ ತಾಗಿದ್ದರೆ ಅದರ ನೋವು ಹೊರಗೆ ತೋರಲು ಕೆಲವು ದಿನ ಬೇಕು. ಮನೆಯ ಅಂಗಳದಲ್ಲಿ ಕುಂಟಿದರೆ ಉಪಾಯವುಂಟು, ನಡುದಾರಿಯಲ್ಲಿ ಕುಂಟಿದರೆ ಯಾರಿಗೆ ಹೇಳುವುದು? ಗಾಲಿಯ ಕಥೆಯೂ ಅಂಥದೇ. ಮಾಘದ ಒಣಹವೆಗೆ ಮರ ಕುಗ್ಗಿ ಕಬ್ಬಿಣದ ಹಳಿ ಸಡಿಲವಾಗುತ್ತದೆ. ಅದಕ್ಕಾಗಿ ಗಾಲಿಗಳನ್ನು ಬಿಚ್ಚಿ ಕೆರೆಯ ನೀರಿನಲ್ಲಿ ಮಲಗಿಸಿ, ಮರ ಉಬ್ಬಿ ಹಳಿಯನ್ನು ತಾನಾಗಿ ಬಿಗಿಯಾಗಿ ಹಿಡಿಯುವಂತೆ ಮಾಡುತ್ತಿದ್ದರು. ಸುಟ್ಟ ಹುಲ್ಲಿನ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಕೀಲೆಣ್ಣೆಯ ಗೊಟ್ಟವೊಂದು ಬಂಡಿಯ ತಳದಲ್ಲಿ ತೂಗುತ್ತಿತ್ತು. ಅದರ ಪಕ್ಕಕ್ಕೆ ಲಾಟೀನು. ಕಿರ್ರೆನ್ನುವ ಇರಸು ಎತ್ತಿನ ಬಲವನ್ನು ಕದಿಯುತ್ತದೆಂಬುದು ಅವರ ನಂಬಿಕೆಯಾಗಿತ್ತು. ಯಂತ್ರಶಾಸ್ತ್ರ ಓದಿದವರೂ ಅದನ್ನು ಅಲ್ಲಗಳೆಯಲಾರರು.

ಇನ್ನು ಕುಳಿತವರ ಕರ್ತವ್ಯ. ಇಂದಿನ ಕಾರಿನ ಪ್ರಯಾಣಿಕನಿಗೆ ಕರ್ತವ್ಯವೇನೂ ಇಲ್ಲ, ನಿದ್ರಿಸಿದರಾಯಿತು. ಬಂಡಿಯಲ್ಲಿ ಹಾಗಲ್ಲ. ಏರು ಬಂದಾಗ ಹೊರೆ ಹಿಂದಕ್ಕೆ ಜಗ್ಗಿ ನೊಗವನ್ನು ಮೇಲೆತ್ತುತ್ತದೆ, ಎತ್ತಿನ ಗಂಟಲು ಬಿಗಿಯುತ್ತದೆ. ಆಗ ಕುಳಿತವರು ಮುಂದಕ್ಕೆ ಸರಿಯಬೇಕು. ಇಳಿಜಾರಿನಲ್ಲಿ ಹೊರೆಯೆಲ್ಲ ಹೆಗಲ ಮೇಲೆ ಬೀಳುತ್ತದೆ, ಆಗ ಹಿಂದಕ್ಕೆ. ಹೊಳೆಯ ಉಸುಕಿನಲ್ಲಂತೂ ಇಳಿದು ಗಾಲಿಗೆ ಕೈ ಕೊಡಬೇಕು. ಹಸುಗೂಸಿನ ತಾಯಿಯೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಸ್ವಲ್ಪ ಸ್ವಲ್ಪ ದೂರ ನಡೆಯುತ್ತಿದ್ದರು. ಜೋಳದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ, ಮೊದಲ ಹೊತ್ತಿಗೆ ಮೊಸರಬುತ್ತಿ; ದಾರಿಯಲ್ಲಿ ಒಲೆ ಹೂಡಿ ಹೊತ್ತು ಕಳೆಯಬಾರದೆಂಬುದು ಮನೆಯ ಹೆಣ್ಣುಮಕ್ಕಳ ಲೆಕ್ಕ. ಅವರ ಲೆಕ್ಕ ತಪ್ಪಿದ ಪಯಣ ಯಾವುದೂ ಸುಗಮವಾಗುತ್ತಿರಲಿಲ್ಲ.

ಆದರೆ ಎಲ್ಲ ಲೆಕ್ಕಗಳಿಗಿಂತ ದೊಡ್ಡದು ಮೆಲುಕಿನ ಲೆಕ್ಕ. ಮೋಟಾರಿಗೆ ಎಣ್ಣೆ ಹೊಯ್ದ ಕ್ಷಣದಲ್ಲಿಯೇ ಬಲ ಬರುತ್ತದೆ. ಎತ್ತಿಗೆ ಜೋಳದ ಸೊಪ್ಪೆ ಹಾಕಿ, ಹುರುಳಿ ನುಚ್ಚು ಇಟ್ಟು, ನೀರು ಕುಡಿಸಿದೊಡನೆ ಬಲ ಬಾರದು. ನುಂಗಿದ್ದನ್ನು ಅದು ಮತ್ತೆ ಬಾಯಿಗೆ ತಂದು ನಿಧಾನವಾಗಿ ಅರೆಯಬೇಕು. ಒಂದು ದಿನಕ್ಕೆ ಇದಕ್ಕೇ ಏಳೆಂಟು ಗಂಟೆ ಹಿಡಿಯುತ್ತದೆ. ಕೊಳ್ಳು ಬಿಚ್ಚಿ, ನೆರಳಿನಲ್ಲಿ, ಭಯವಿಲ್ಲದೆ ಮಲಗಿದಾಗಲೇ ಅದು ಚೆನ್ನಾಗಿ ನಡೆಯುವ ಕಾರ್ಯ. ಆದ್ದರಿಂದ ತಂಗುವುದನ್ನು ಪಯಣದ ಅಡ್ಡಿಯೆಂದು ಬಂಡಿಯವರು ಎಣಿಸಲಿಲ್ಲ. ಅದನ್ನು ಪಯಣದ ಅರ್ಧಭಾಗವೆಂದೇ ತಿಳಿದಿದ್ದರು. ಹೊತ್ತು ಇಳಿದ ಮೇಲೆ ಹೊರಟು, ನಡುರಾತ್ರಿಗೊಮ್ಮೆ ಉಸಿರು ಹಾಕಿಸಿ, ಬಿಸಿಲೇರುವ ಮುನ್ನ ಯಾವುದಾದರೊಂದು ಕೆರೆಯ ಏರಿಯ ಕೆಳಗೋ ಊರ ಮಠದ ಮುಂದಣ ಬೇವಿನ ಅಡಿಯಲ್ಲೋ ಇಳಿಯುವುದು ರೂಢಿ.

ಕಾನೂನು ಈ ರೂಢಿಯನ್ನು ಬಹಳ ತಡವಾಗಿ ಬಂದು ಸೇರಿತು. ಎಳೆಯುವ, ಹೊರುವ ಪ್ರಾಣಿಗಳ ಹಿಂಸೆಯನ್ನು ತಡೆಯಲು 1965ರಲ್ಲಿ ಹೊರಟ ನಿಯಮಗಳು ದಿನಕ್ಕೆ ಒಂಬತ್ತು ಗಂಟೆ, ಎಡೆಬಿಡದೆ ಐದು ಗಂಟೆ ಮೀರಿ ದುಡಿಸಬಾರದೆಂದವು. 37 ಡಿಗ್ರಿ ಮೀರಿದ ಬಿಸಿಲಿನಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದೆಂದವು. ಅದಕ್ಕೂ ಮೊದಲು, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಚಾಲಕನ ದಿನದ ದುಡಿಮೆಯನ್ನು ಎಂಟು ಗಂಟೆಗೆ ನಿಲ್ಲಿಸಿ, ಐದು ಗಂಟೆಗೊಮ್ಮೆ ಅರ್ಧಗಂಟೆಯ ವಿಶ್ರಾಂತಿಯನ್ನು ವಿಧಿಸಿತ್ತು. ಎತ್ತಿಗೂ ಐದು, ಮೋಟಾರು ಹೊಡೆಯುವವನಿಗೂ ಐದು! ಚಿತ್ರದುರ್ಗದಿಂದ ಕೂಡ್ಲಿಗಿಯ ಮೇಲೆ ಹಾಯ್ದು ಹೊಸಪೇಟೆಗೆ ಹೋಗುವ ಇಂದಿನ ನಾಲ್ಕು ಪಥದ ಹೆದ್ದಾರಿಯಲ್ಲಿ, ಇರುಳೆಲ್ಲ ಕಣ್ಣುಜ್ಜಿಕೊಳ್ಳುತ್ತ ಕಾರು ಓಡಿಸಿ ಬೆಳಗಿಗೆ ಊರು ಸೇರಿದೆನೆಂದು ಹೆಮ್ಮೆಪಡುವ ತರುಣನಿಗೆ ಈ ಐದರ ಲೆಕ್ಕವನ್ನು ಹೇಳುವವರು ಯಾರು? ಅವನ ಕಾರು ಅವನದೇ. ಅವನಿಗೆ ಧಣಿಯೂ ಅವನೇ, ಎತ್ತೂ ಅವನೇ.

ಒಂದು ವರ್ಷ ನೀಲಗುಂದದ ಒಂದು ಮನೆತನದಿಂದ ಮೈಲಾರಕ್ಕೆ ಎರಡು ಬಂಡಿಗಳು ಹೊರಟಿದ್ದವು. ಮುಂದಿನದರಲ್ಲಿ ಮೊಮ್ಮಗ, ಹೊಸದಾಗಿ ಕೊಂಡ ಹೋರಿಗಳು. ಹಿಂದಿನದರಲ್ಲಿ ಅಜ್ಜ, ಮಗ, ಹೆಂಗಸರು, ಮಕ್ಕಳು. ಎರಡು ರಾತ್ರಿಯ ದಾರಿಯೆಂದು ಅಜ್ಜನ ಎಣಿಕೆ.

"ಅಜ್ಜಾ, ಒಂದ ರಾತ್ರ್ಯಾಗ ಮುಟ್ಟತೀನಿ. ನೀವು ಬರೋದ್ರಾಗ ಜಾಗ ಹಿಡದಿರ್ತೀನಿ."

"ತಮ್ಮಾ, ಅವು ಮೇದದ್ದು ಇನ್ನೂ ಹೊಟ್ಟ್ಯಾಗ ಐತಿ, ಕಾಲಿಗೆ ಬಂದಿಲ್ಲ. ಸಾವಕಾಶ ಹೊಡಿ."

ತಮ್ಮ ಕೇಳಲಿಲ್ಲ. ಗೆಜ್ಜೆಯ ಸದ್ದು ಮುಂದೆ ಮುಂದೆ ಹೋಗಿ ಕತ್ತಲಲ್ಲಿ ಕರಗಿತು.

ಮರುದಿನದ ರಾತ್ರಿ ಅಜ್ಜನ ಬಂಡಿ ಬಂದಾಗ ಅವನು ಒಂದು ಕೆರೆಯ ಏರಿಯ ಮೇಲೆ ಕುಳಿತಿದ್ದನು. ಎಡಗೋಲಿನ ಹೋರಿ ಬೆಳಗಿನ ಜಾವವೇ ಮಲಗಿದ್ದು ಎದ್ದಿರಲಿಲ್ಲ. ಹಾಕಿದ ಮೇವನ್ನು ಮೂಸಲಿಲ್ಲ, ಮೆಲುಕನ್ನು ಪೂರ್ತಿ ಬಿಟ್ಟಿತ್ತು. ಮೆಲುಕು ಬಿಟ್ಟ ಎತ್ತೆಂದರೆ ಒಕ್ಕಲಿಗನ ಎದೆ ಒಡೆಯುತ್ತದೆ. ಮೊಮ್ಮಗನ ಮುಖ ನೋಡಿದರೆ ಬೈಯುವ ಮಾತು ಯಾರ ಬಾಯಿಗೂ ಬಾರದು.

ಮೈಲಾರದ ಕಾರ್ಣಿಕವೆಂದರೆ ಒಂದೇ ಒಂದು ವಾಕ್ಯ. ಗೊರವಯ್ಯ ಬಿಲ್ಲನ್ನೇರಿ ಕೂಗಿದೊಡನೆ ಬಯಲು ತುಂಬಿದ ಜನ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಅವನು ಆ ವಾಕ್ಯ ನುಡಿದು ಕೆಳಕ್ಕೆ ಬೀಳುತ್ತಾನೆ. ವರ್ಷದ ಮಳೆಬೆಳೆಯನ್ನು ಜನ ಅದರಲ್ಲಿ ಹುಡುಕುತ್ತಾರೆ. ಅಜ್ಜ ಮೀಸೆ ಮೂಡಿದಂದಿನಿಂದ ಅದನ್ನು ತಪ್ಪಿಸಿಕೊಂಡವನಲ್ಲ. ಅವನು ಮಗನಿಗೆ ಹಗ್ಗ ಕೊಟ್ಟು, "ನೀವು ನಡೀರಿ, ಹೆಣ್ಮಕ್ಕಳು ಕೇಳ್ಲಿ" ಎಂದು ಬಂಡಿಯನ್ನು ಮುಂದೆ ಕಳಿಸಿ ಏರಿಯ ಮೇಲೆಯೇ ಉಳಿದನು.

ಬೆಳಗಾಯಿತು. ಅಜ್ಜ ಮತ್ತು ಮೊಮ್ಮಗ ಬಿಸಿ ಮಾಡಿದ ಹರಳೆಣ್ಣೆಯನ್ನು ಹೋರಿಯ ಕಾಲುಗಳಿಗೆ ತಿಕ್ಕಿದರು. ತೆಳು ಜೋಳದ ಗಂಜಿಯನ್ನು ಬೊಗಸೆಯಲ್ಲಿ ಹಿಡಿದು ಅದರ ಮೂತಿಗೆ ಸವರಿದರು. ಏರಿಯ ಮೇಲೆ ಬಂಡಿಗಳು, ಕಾಲ್ನಡಿಗೆಯವರು ಸಾಲುಸಾಲಾಗಿ ಹೋದರು. ಕೆಲವರು ನಿಂತು ವಿಚಾರಿಸಿದರು, ಒಬ್ಬರು ಒಂದು ಹಿಡಿ ಹತ್ತಿಕಾಳು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ದಾರಿ ಬರಿದಾಯಿತು. ಹೋಗತಕ್ಕವರೆಲ್ಲ ಹೋಗಿ ಮುಗಿದಿತ್ತು.

"ಅಜ್ಜಾ, ನೀವೂ ಹೋಗ್ಬೇಕಿತ್ತು" ಎಂದನು ಮೊಮ್ಮಗ.

ಅಜ್ಜ ಉತ್ತರ ಕೊಡಲಿಲ್ಲ. ಹೋರಿಯ ಹೊಟ್ಟೆಗೆ ಕಿವಿಯಿಟ್ಟು, ಕೈ ಎತ್ತಿ ಸುಮ್ಮನಿರೆಂದು ಸನ್ನೆ ಮಾಡಿದನು. ಮೈಲಾರದ ಬಯಲಿನಲ್ಲಿ ಜನ ಸೇರಿ ನಿಲ್ಲುವ ಸಂಜೆಯ ಹೊತ್ತು ಅದು. ಕೆರೆಯ ನೀರಿನ ಮೇಲೆ ಬಿಸಿಲು ಕೆಂಪಾಗಿತ್ತು. ಬಹಳ ಹೊತ್ತಿನ ಮೇಲೆ ಹೋರಿಯ ಕೊರಳಲ್ಲಿ ಏನೋ ಮೇಲಕ್ಕೆ ಹೊರಳಿದಂತಾಯಿತು. ಅದರ ದವಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮೆಲ್ಲಗೆ ಆಡತೊಡಗಿತು.