ತಲೆಮಾರುಗಳಿಗಾಗಿ ಒಂದು ರಿವಾಲ್ವರ್

ನಿಮ್ಮ ಮನೆಗಳಲ್ಲಿ ಹಿರಿಯರಿಂದ ಇಳಿದು ಬಂದ ವಸ್ತು ಒಂದಾದರೂ ಇದ್ದೇ ಇರುತ್ತದೆ. ದೇವರ ಪೀಠದ ಮೇಲಿನ ಶಿಲುಬೆಯೋ, ಅಜ್ಜಿಯ ಬೆರಳುಗಳಲ್ಲಿ ಸವೆದ ಜಪಸರವೋ, ತಾಮ್ರದ ಹಂಡೆಯೋ ಇರಬಹುದು. ಮೂಡಿಗೆರೆ ಸೀಮೆಯ ನಮ್ಮ ಮನೆಯಲ್ಲಿ ಆ ಗೌರವ ಒಂಟಿ ನಳಿಗೆಯ ತೋಟೆ ಕೋವಿಯೊಂದಕ್ಕೆ ಸಂದಿತ್ತು. ಪಡಸಾಲೆಯ ಗೋಡೆಗೆ ಬಡಿದ ಎರಡು ಮರದ ಗೂಟಗಳ ಮೇಲೆ ಅದು ಮಲಗಿರುತ್ತಿತ್ತು. ಗದ್ದೆಗೆ ಹಂದಿ ಇಳಿದ ರಾತ್ರಿ ಅಪ್ಪ ಅದನ್ನು ಕೈಗೆತ್ತಿಕೊಂಡು ಹೊರಡುತ್ತಿದ್ದರು. ಹೆಚ್ಚಿನಂಶ ಆಕಾಶಕ್ಕೇ ಒಂದು ಈಡು ಹೊಡೆದು ಮರಳುತ್ತಿದ್ದರು. ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಎಣ್ಣೆ ಬಟ್ಟೆಯಿಂದ ನಳಿಗೆ ಒರೆಸುವುದು ನನ್ನ ಮತ್ತು ನನ್ನ ತಮ್ಮನ ಪಾಲಿನ ಕೆಲಸ.

1993ರಲ್ಲಿ ಅಪ್ಪ ತೀರಿಕೊಂಡರು. ಲೈಸೆನ್ಸ್ ಅವರ ಹೆಸರಿನಲ್ಲಿತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕೋವಿಯನ್ನು ಠಾಣೆಗೆ ಒಪ್ಪಿಸಿ, ವಾರಸುದಾರರಲ್ಲೊಬ್ಬರು ಹೊಸ ಲೈಸೆನ್ಸಿಗೆ ಅರ್ಜಿ ಹಾಕಬೇಕಿತ್ತು. ನಾನು ಶಾಲಾ ಮಾಸ್ತರ. ತಮ್ಮನೋ ಅಮೆರಿಕಕ್ಕೆ ಹೊರಡುವ ಸಿದ್ಧತೆಯಲ್ಲಿದ್ದ. ಇಬ್ಬರೂ ಅರ್ಜಿ ಹಾಕಲಿಲ್ಲ. ಕೋವಿ ಮರಳಿ ಬರಲಿಲ್ಲ. ಇದರಲ್ಲಿ ಯಾರದೂ ತಪ್ಪಿಲ್ಲ, ನಮ್ಮ ಸೋಮಾರಿತನವೊಂದನ್ನು ಬಿಟ್ಟು. (2016ರ ನಿಯಮಗಳ ಪ್ರಕಾರ ಲೈಸೆನ್ಸುದಾರರು 70 ವರ್ಷ ತುಂಬಿದಾಗ, ಇಲ್ಲವೇ ಆಯುಧವನ್ನು 25 ವರ್ಷ ಇರಿಸಿಕೊಂಡಾಗ, ಬದುಕಿರುವಾಗಲೇ ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು ಅವಕಾಶವಿದೆ. ತೋಟದ ಕೋವಿ ಇರುವ ಮನೆಗಳವರು ಇದನ್ನು ತಿಳಿದಿರುವುದು ಒಳ್ಳೆಯದು.)

2018ರಲ್ಲಿ ನಾನೂ ನನ್ನ ಹೆಂಡತಿಯೂ ಪೆನ್ಸಿಲ್ವೇನಿಯಾದಲ್ಲಿರುವ ತಮ್ಮನ ಮನೆಗೆ ಹೋಗಿದ್ದೆವು. ಒಂದು ಶನಿವಾರ ಅವನು, “ಅಣ್ಣ, ಅಪ್ಪನ ಕೋವಿಯನ್ನಂತೂ ನಾವು ಉಳಿಸಿಕೊಳ್ಳಲಿಲ್ಲ. ನನ್ನ ಮಗನಿಗೆ, ಅವನ ಮಕ್ಕಳಿಗೆ ಎಂದು ಒಂದನ್ನು ಕೊಳ್ಳಬೇಕೆಂದಿದ್ದೇನೆ, ನೀನೂ ಬಾ” ಎಂದ. ಅಲ್ಲಿ ತಂದೆ ಮಗನಿಗೆ ಕೈಬಂದೂಕನ್ನು ಕೊಡಲು ಅಂಗಡಿಯ ಮೂಲಕ ಹೋಗಬೇಕೆಂಬ ಕಟ್ಟಳೆಯೂ ಇಲ್ಲ. ನನಗೆ ಬೆರಗಾಯಿತು.

ಅವನು ಬಯಸಿದ್ದು .22 ಅಳತೆಯ ಡಬಲ್ ಆ್ಯಕ್ಷನ್ ರಿವಾಲ್ವರ್. ಇದರ ತೋಟೆಗೆ ರಿಮ್‌ಫೈರ್ ಎಂದು ಹೆಸರು. ತೋಟೆಯ ತಳದ ಅಂಚಿನ ಮಡಿಕೆಯಲ್ಲೇ ಕಿಡಿಮದ್ದು ಅಡಗಿರುತ್ತದೆ; ಕುದುರೆ ಬಿದ್ದು ಆ ಅಂಚನ್ನು ಜಜ್ಜಿದಾಗ ಅದು ಹೊತ್ತಿಕೊಳ್ಳುತ್ತದೆ. ಲೋಹದ ತೋಟೆಗಳಲ್ಲಿ ಇದು ಬಹು ಹಳೆಯ ಬಗೆ. ಸ್ಮಿತ್ ಅಂಡ್ ವೆಸನ್ ಕಂಪನಿ 1857ರಲ್ಲಿ ಹೊರತಂದ ಮೊದಲ ರಿವಾಲ್ವರೇ ಇಂಥ ಪುಟ್ಟ ತೋಟೆಯದು. ಇಂದು ಎಲ್ಲೆಡೆ ಸಿಗುವ .22 ಲಾಂಗ್ ರೈಫಲ್ ತೋಟೆ ಬಂದದ್ದು 1887ರಲ್ಲಿ. ಸದ್ದು ಕಡಿಮೆ, ಬೆಲೆ ಕಡಿಮೆ, ಕೈಗೆ ಒದೆತವಿಲ್ಲ. ಆದಕಾರಣ ಹೊಸದಾಗಿ ಗುರಿ ಕಲಿಯುವವರ ಕೈಗೆ ಅದನ್ನೇ ಕೊಡುತ್ತಾರೆ. ಡಬಲ್ ಆ್ಯಕ್ಷನ್ ಎಂದರೆ ಟ್ರಿಗರ್ ಎಳೆದ ಮಾತ್ರಕ್ಕೆ ಸಿಲಿಂಡರ್ ಒಂದು ಮನೆ ಸರಿದು, ಕುದುರೆ ಎದ್ದು, ತಾನೇ ಬೀಳುವುದು. ಬೇಕಿದ್ದರೆ ಹೆಬ್ಬೆರಳಿನಿಂದ ಕುದುರೆಯನ್ನು ಎತ್ತಿ ನಿಲ್ಲಿಸಿ ಹಗುರವಾಗಿಯೂ ಹೊಡೆಯಬಹುದು.

ಅಂಗಡಿಯವನು ಮೊದಲು ತೋರಿಸಿದ್ದು ಹೊಸ ಬಗೆಯ ಪುಟ್ಟ ರಿವಾಲ್ವರ್. ಹೂವಿನಷ್ಟು ಹಗುರ, ಜೇಬಿಗೆ ಸೇರುತ್ತದೆ. ತಮ್ಮ ಅದನ್ನು ಬದಿಗಿಟ್ಟ. ಜೇಬಿನಲ್ಲಿ ಹೊತ್ತು ತಿರುಗುವ ವಸ್ತು ಅವನಿಗೆ ಬೇಕಿರಲಿಲ್ಲ. ಆಮೇಲೆ ಸ್ಟೇನ್‌ಲೆಸ್ ಉಕ್ಕಿನ, ಹತ್ತು ತೋಟೆಗಳದೊಂದು. ತುಕ್ಕಿನ ಭಯವಿಲ್ಲದ, ಮೊಮ್ಮಕ್ಕಳವರೆಗೂ ಬಾಳುವ ವಸ್ತು. ಆದರೆ 2001ರ ನಂತರ ಆ ಕಂಪನಿ ತನ್ನ ರಿವಾಲ್ವರ್‌ಗಳ ಪಕ್ಕದಲ್ಲಿ ಬೀಗದ ಕೈಗೆಂದು ಸಣ್ಣ ರಂಧ್ರವೊಂದನ್ನು ಇರಿಸುತ್ತಿತ್ತು. “ಈ ತೂತು ಅಂದವನ್ನೆಲ್ಲ ಕೆಡಿಸಿದೆ” ಎಂದು ತಮ್ಮ ಅದನ್ನೂ ಬೇಡವೆಂದ. ಆ ಮಾತು ನನಗೆ ಇಂದಿಗೂ ನೆನಪಿದೆ.

ಕೊನೆಗೆ ಗಾಜಿನ ಪೆಟ್ಟಿಗೆಯ ಮೂಲೆಯಿಂದ ಹೊರಬಂದದ್ದು ಅದೇ ಕಂಪನಿಯ ಮಾಡೆಲ್ 17. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಕೆ-22 ಮಾಸ್ಟರ್‌ಪೀಸ್ ಎಂಬ ಹೆಸರಿನಲ್ಲಿ ಬರುತ್ತಿದ್ದ ರಿವಾಲ್ವರಿಗೆ 1957ರಲ್ಲಿ ಕೊಟ್ಟ ಸಂಖ್ಯೆ ಅದು. ಆರಂಗುಲದ ನಳಿಗೆ, ಆರು ತೋಟೆ, ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು ತೂಕ, ಹಕ್ಕಿಯ ಕತ್ತಿನಂತೆ ಮಿನುಗುವ ಕಡುನೀಲಿ ಬಣ್ಣ. ತಮ್ಮ ಅದನ್ನು ಪರೀಕ್ಷಿಸಿದ ಬಗೆಯನ್ನು ನೋಡಬೇಕಿತ್ತು. ಅಪ್ಪ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದ ರೀತಿಯೇ! ಕುದುರೆಯನ್ನು ನಿಧಾನವಾಗಿ ಎತ್ತಿ, ಆರೂ ಮನೆಗಳಲ್ಲಿ ಸಿಲಿಂಡರ್ ಅಲುಗಾಡದೆ ಕಚ್ಚಿ ನಿಲ್ಲುವುದೇ ಎಂದು ನೋಡಿದ. ನಳಿಗೆಯೊಳಗೆ ಬೆಳಕು ಬಿಟ್ಟು ತುಕ್ಕಿನ ಕಲೆಗಳಿವೆಯೇ ಎಂದು ಇಣುಕಿದ. ತಿರುಪುಗಳ ತಲೆ ಜಜ್ಜಿದ್ದರೆ ಅರಿಯದವರಾರೋ ಬಿಚ್ಚಿದ್ದಾರೆಂದು ಅರ್ಥವಂತೆ. ತೋಟೆ ಕೂರುವ ಮನೆಗಳ ಬಾಯಂಚನ್ನು ಉಗುರಿನಿಂದ ಸವರಿದ. ರಿಮ್‌ಫೈರ್ ಬಂದೂಕಿನಲ್ಲಿ ತೋಟೆಯಿಲ್ಲದೆ ಬರಿದೇ ಕುದುರೆ ಬಿಟ್ಟರೆ ಅದರ ಮೊನೆ ಆ ಅಂಚಿಗೇ ಬಡಿದು ಉಕ್ಕು ಮಡಚಿಕೊಳ್ಳುತ್ತದೆ, ಮಕ್ಕಳ ಆಟಕ್ಕೆ ಸಿಕ್ಕ ಬಂದೂಕನ್ನು ಹೀಗೆ ಗುರುತಿಸಬಹುದು ಎಂದ. ಚರ್ಮದ ಚೀಲದಲ್ಲಿಟ್ಟು ಮರೆಯಬಾರದು, ಚರ್ಮ ತೇವ ಹಿಡಿದು ತುಕ್ಕು ತರುತ್ತದೆ ಎಂದು ಅಂಗಡಿಯವನು ಸೇರಿಸಿದ. ತಮ್ಮ ನಮೂನೆ ಪತ್ರ ತುಂಬಿದ, ಅಂಗಡಿಯವನು ಫೋನಿನಲ್ಲಿ ಹಿನ್ನೆಲೆ ವಿಚಾರಿಸಿದ, ಅಷ್ಟರಲ್ಲಿ ಮುಗಿಯಿತು.

ಕಾರಿನಲ್ಲಿ ನಾನು ಮೌನವಾಗಿದ್ದೆ. ಅಪ್ಪನ ಕೋವಿಗೆ ಗದ್ದೆಯಿತ್ತು, ಹಂದಿಯಿತ್ತು. ಇದಕ್ಕೆ ಏನಿದೆ? ಬೈಬಲಿನಲ್ಲಿ ಹೀಗೆ ಜೋಪಾನವಾಗಿ ಇಟ್ಟ ಆಯುಧವೊಂದರ ಕಥೆಯಿದೆ. ದಾವೀದನು ಗೊಲ್ಯಾತನನ್ನು ಕೊಂದ ಮೇಲೆ ಆ ರಾಕ್ಷಸಾಕಾರದವನ ಕತ್ತಿಯನ್ನು ನೋಬ್ ಎಂಬ ಊರಿನ ದೇವಸನ್ನಿಧಿಯಲ್ಲಿ, ಬಟ್ಟೆ ಸುತ್ತಿ, ಏಫೋದಿನ ಹಿಂದೆ ಇರಿಸಿದ್ದರು. ವಿಜಯದ ನೆನಪಿಗೆಂದು ಇಟ್ಟದ್ದು. ಸೌಲನಿಂದ ತಪ್ಪಿಸಿಕೊಂಡು ಓಡುತ್ತಿದ್ದ ದಾವೀದ ಒಂದು ದಿನ ಬಂದು ಆಯುಧ ಕೇಳಿದ. ಯಾಜಕ ಅಹೀಮೆಲೆಕ ಅದನ್ನೇ ಬಿಚ್ಚಿಕೊಟ್ಟ. ಆ ಉಪಕಾರಕ್ಕಾಗಿ ಸೌಲನು ನೋಬಿನ ಯಾಜಕರನ್ನು ಕೊಲ್ಲಿಸಿದನೆಂದು ಸಮುವೇಲನ ಮೊದಲನೆಯ ಗ್ರಂಥ ಹೇಳುತ್ತದೆ. ನೆನಪಿನ ಕಾಣಿಕೆಯಾಗಿದ್ದರೂ ಅದರ ಅಲಗು ಮಾತ್ರ ಮೊಂಡಾಗಿರಲಿಲ್ಲ. ಇದನ್ನು ತಮ್ಮನಿಗೆ ಹೇಳಬೇಕೆಂದುಕೊಂಡೆ. ಅತಿಥಿಯಾಗಿ ಹೋದವನು ಉಪದೇಶಕ್ಕೆ ಇಳಿಯಬಾರದೆಂದು ಸುಮ್ಮನಾದೆ. ಆ ಮೌನಕ್ಕಾಗಿ ಆಮೇಲೆ ಎಷ್ಟೋ ರಾತ್ರಿ ನೊಂದಿದ್ದೇನೆ.

ಮುಂದಿನದನ್ನು ನನ್ನ ತಮ್ಮನ ಮಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. 2021ರ ಚಳಿಗಾಲದಲ್ಲಿ, ಕೊರೊನಾದ ನಡುವೆ ಓದು ನಿಂತು ಮನೆ ಸೇರಿದ್ದ ಆ ಹುಡುಗ ಖಿನ್ನತೆಗೆ ಸಿಲುಕಿದ. ಊಟ ಬಿಟ್ಟ, ನಿದ್ದೆ ಬಿಟ್ಟ. ಒಂದು ರಾತ್ರಿ ತಾಯಿಯ ಬಳಿ, ತನಗೆ ಬದುಕು ಬೇಡವೆನಿಸುತ್ತಿದೆ ಎಂದು ಹೇಳಿಕೊಂಡ. ಹೇಳಿಕೊಂಡನಲ್ಲ, ದೇವರಿಗೆ ಸ್ತೋತ್ರ! ವೈದ್ಯರು ತಂದೆತಾಯಿಗಳಿಗೆ ಮೊದಲು ಕೇಳಿದ್ದು, ಮನೆಯಲ್ಲಿ ಬಂದೂಕು ಇದೆಯೇ ಎಂದು. ತಮ್ಮ ತಕ್ಷಣ “ಇಲ್ಲ” ಎಂದನಂತೆ. ಸುಳ್ಳು ಹೇಳಬೇಕೆಂದಲ್ಲ, ಅವನ ಮನಸ್ಸಿನಲ್ಲಿ ಅದು ಬಂದೂಕೇ ಆಗಿರಲಿಲ್ಲ, ಮಗನ ಪಾಲಿನ ಆಸ್ತಿಯಾಗಿತ್ತು. ಅತ್ತಿಗೆ ನಾದಿನಿಯರು ತುಂಬಿದ ಮನೆಯೂ ಅಲ್ಲ ಅದು, ಇದ್ದವರು ಮೂವರೇ. ಹೆಂಡತಿ ಅವನ ಮುಖ ನೋಡಿದಳು. ಆಗ ನೆನಪಾಯಿತು. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೇ ಎಂಬುದನ್ನು ವೈದ್ಯರು ತಿಳಿಸಿದರು. ಆ ಕತ್ತಲ ಗಳಿಗೆ ಸಾಮಾನ್ಯವಾಗಿ ದಾಟಿಹೋಗುತ್ತದೆ, ದಾಟುವವರೆಗೆ ಅಂಥ ಸಾಧನ ಕೈಗೆ ಎಟುಕದಿದ್ದರೆ ಎಷ್ಟೋ ಜೀವ ಉಳಿಯುತ್ತದೆ ಎಂದರು. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ತಮ್ಮ ಅಲ್ಲಿ ನಿಂತಿದ್ದ. ರಿವಾಲ್ವರನ್ನು ಬಾಡಿಗೆಯ ಮೇಲೆ ಅಂಗಡಿಯವನ ವಶಕ್ಕೆ ಒಪ್ಪಿಸಿ, ರಸೀದಿ ಪಡೆದು, ಕಾರಿನೊಳಗೆ ಕುಳಿತು ನನಗೆ ಫೋನು ಮಾಡಿ ಅತ್ತ.

ಓದುಗರೇ, ನಮ್ಮ ಮನೆಗಳಲ್ಲಿ ರಿವಾಲ್ವರ್ ಇರಲಿಕ್ಕಿಲ್ಲ. ತೋಟಕ್ಕೆ ಹೊಡೆಯುವ ವಿಷದ ಡಬ್ಬಿ ಇರುತ್ತದೆ. ಮಕ್ಕಳ ಮುಖ ಬಾಡಿದ್ದು ಕಂಡರೆ ಅದನ್ನೂ ಎತ್ತಿ ಬೀಗ ಹಾಕಿರಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ.

ಹುಡುಗ ಚೇತರಿಸಿಕೊಂಡು ಓದು ಮುಗಿಸಿದ. 2023ರ ಕ್ರಿಸ್‌ಮಸ್ಸಿಗೆ ಊರಿಗೆ ಬಂದಿದ್ದಾಗ ಪಡಸಾಲೆಯಲ್ಲಿ ನಿಂತು, “ದೊಡ್ಡಪ್ಪ, ಈ ಗೂಟಗಳು ಯಾತಕ್ಕೆ?” ಎಂದು ಕೇಳಿದ. ಈಗ ಅಲ್ಲಿ ನನ್ನ ಛತ್ರಿ ಇರುತ್ತದೆ. ಅಪ್ಪನ ಕೋವಿಯ ಕಥೆ ಹೇಳಿ, ಟ್ರಂಕಿನಿಂದ ಹಳೆಯ ಲೈಸೆನ್ಸ್ ಪುಸ್ತಕ ತೆಗೆದುಕೊಟ್ಟೆ. ಅಜ್ಜನ ಸಹಿ, ವರ್ಷ ವರ್ಷದ ನವೀಕರಣದ ಮೊಹರು, ಕೊಂಡ ತೋಟೆಗಳ ಲೆಕ್ಕ. ಪುಟ ಪುಟವನ್ನೂ ಓದಿಸಿಕೊಂಡ.

“ಇದನ್ನು ನಾನು ಇಟ್ಟುಕೊಳ್ಳಲೇ?” ಎಂದ. ಕೊಟ್ಟು ಕಳುಹಿಸಿದೆ. ರಿವಾಲ್ವರ್ ಇನ್ನೂ ಅಂಗಡಿಯಲ್ಲೇ ಇದೆ. ತಿಂಗಳ ಬಾಡಿಗೆಯನ್ನು ತಮ್ಮ ತಪ್ಪದೆ ಕಟ್ಟುತ್ತಿದ್ದಾನೆ.