ಪಾತ್ರೆ ತೊಳೆಯುವ ನೀರಿನಲ್ಲಿ ಕಂಡ ವಿಜ್ಞಾನ

ನೀರಿನ ಮೈಮೇಲೆ ಕಾಣದ ತೊಗಲೊಂದನ್ನು ಬಿಗಿದಂತಿರುತ್ತದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿದ್ದೀತು. ತಟ್ಟೆಯ ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಸಾಬೂನು ಸವರಿದ ಬೆರಳನ್ನು ನಡುವೆ ತಾಗಿಸಿದೊಡನೆ ಪುಡಿಯೆಲ್ಲ ಅಂಚಿಗೆ ಓಡುತ್ತಿತ್ತು. ನೀರಿನ ಒಳಗಿರುವ ಅಣುವನ್ನು ನೆರೆಯ ಅಣುಗಳು ಎಲ್ಲ ಕಡೆಯಿಂದಲೂ ಸೆಳೆಯುತ್ತವೆ. ಮೇಲ್ಮೈಯ ಅಣುವಿಗೆ ಮೇಲ್ಗಡೆ ಅಂಥ ನೆರೆಯಿಲ್ಲ. ಅದಕ್ಕೆ ಒಳಮುಖದ ಸೆಳೆತವೇ ಹೆಚ್ಚು. ಹೀಗೆ ಹುಟ್ಟುವುದು ಮೇಲ್ಮೈ ಎಳೆತ. ಸಾಬೂನು ಅದನ್ನು ತಗ್ಗಿಸುವುದರಿಂದಲೇ ನೀರು ಬಟ್ಟೆಯ ಎಳೆಗಳ ನಡುವೆ ಸುಲಭವಾಗಿ ಹರಡಿ ತೋಯಿಸುತ್ತದೆ.

ಈ ಪಾಠದ ಹಿಂದಿರುವ ಒಂದು ಹೆಸರು ನಮ್ಮ ಪಠ್ಯಪುಸ್ತಕದಲ್ಲಿರಲಿಲ್ಲ. ಆಕೆ ಆಗ್ನೆಸ್ ಪೊಕೆಲ್ಸ್. 1862ರಲ್ಲಿ ವೆನಿಸ್ಸಿನಲ್ಲಿ ಹುಟ್ಟಿ, ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಲ್ಲಿ ಬೆಳೆದವಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದ ಆಕೆಗೆ ಭೌತಶಾಸ್ತ್ರವೆಂದರೆ ಪ್ರಾಣ. ಆದರೆ ಆಗ ಅಲ್ಲಿನ ವಿಶ್ವವಿದ್ಯಾಲಯಗಳು ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ತಮ್ಮ ಫ್ರೀಡ್ರಿಖ್ ಗಟ್ಟಿಂಗೆನ್‌ನಲ್ಲಿ ಭೌತಶಾಸ್ತ್ರ ಓದಿದ. ಅಕ್ಕ ಮನೆಯಲ್ಲಿ ಕಾಯಿಲೆಯ ತಂದೆತಾಯಿಯರ ಆರೈಕೆಗೆ ನಿಂತಳು. ತಮ್ಮನ ಪುಸ್ತಕಗಳೇ ಅವಳಿಗೆ ಗುರುಗಳಾದವು.

ಜಿಡ್ಡು ಬೆರೆತ ನೀರಿನ ವರ್ತನೆ ಆಕೆಯ ಕುತೂಹಲ ಕೆರಳಿಸಿತು. ಇಪ್ಪತ್ತರ ಆಸುಪಾಸಿನಲ್ಲಿ ತಗಡಿನ ತೊಟ್ಟಿಯೊಂದನ್ನು ಸಿದ್ಧಪಡಿಸಿದಳು. ಅಂಚಿನವರೆಗೆ ನೀರು ತುಂಬಿ, ಅಡ್ಡಲಾಗಿ ತಗಡಿನ ಪಟ್ಟಿಯಿಟ್ಟು, ಅದನ್ನು ಸರಿಸಿ ಮೇಲ್ಮೈಯನ್ನು ಹಿಗ್ಗಿಸುವಳು, ಕುಗ್ಗಿಸುವಳು. ನೀರಿಗೆ ತಾಗಿದ ಪುಟ್ಟ ಬಿಲ್ಲೆಯೊಂದನ್ನು ಕಿತ್ತೆಬ್ಬಿಸಲು ಎಷ್ಟು ಬಲ ಬೇಕೆಂದು ತಕ್ಕಡಿಯಲ್ಲಿ ಅಳೆಯುವಳು. ಜಿಡ್ಡಿರುವ ಮೇಲ್ಮೈಯನ್ನು ಕುಗ್ಗಿಸುತ್ತ ಹೋದರೆ ಒಂದು ಮಿತಿಯವರೆಗೆ ಎಳೆತ ಹೆಚ್ಚುಕಡಿಮೆ ಹಾಗೆಯೇ ಇದ್ದು, ಅನಂತರ ಥಟ್ಟನೆ ಇಳಿಯುತ್ತದೆಂದು ಕಂಡಳು. ಜಿಡ್ಡಿನ ಅಣುಗಳು ಒಂದೇ ಪದರವಾಗಿ ಒತ್ತೊತ್ತಾಗಿ ನಿಲ್ಲುವ ಘಟ್ಟವದು ಎಂಬುದು ಮುಂದೆ ತಿಳಿಯಿತು.

1891ರ ಜನವರಿಯಲ್ಲಿ ಆಕೆ ಇಂಗ್ಲೆಂಡಿನ ಲಾರ್ಡ್ ರೇಲಿಯವರಿಗೆ ಜರ್ಮನ್ ಭಾಷೆಯಲ್ಲಿ ಕಾಗದ ಬರೆದಳು. ಅವರ ಪತ್ನಿ ಅದನ್ನು ಅನುವಾದಿಸಿದರು. ರೇಲಿ ಅದನ್ನು 'ನೇಚರ್' ಪತ್ರಿಕೆಗೆ ಕಳಿಸಿದರು. ಮಾರ್ಚ್ 12ರಂದು ಅದು ಆಕೆಯ ಹೆಸರಿನಲ್ಲೇ ಅಚ್ಚಾಯಿತು. ಅದೇ ಬಗೆಯ ತೊಟ್ಟಿಯನ್ನು ಉತ್ತಮಪಡಿಸಿ ಬಳಸಿದ ಅಮೆರಿಕದ ಇರ್ವಿಂಗ್ ಲ್ಯಾಂಗ್ಮ್ಯೂರ್ ಮೇಲ್ಮೈ ರಸಾಯನಶಾಸ್ತ್ರಕ್ಕಾಗಿ 1932ರಲ್ಲಿ ನೊಬೆಲ್ ಪಡೆದರು. ಅದೇ ವರ್ಷ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿದ್ಯಾಲಯ ಎಪ್ಪತ್ತರ ಆಗ್ನೆಸ್‌ಗೆ ಗೌರವ ಡಾಕ್ಟರೇಟ್ ನೀಡಿತು. ಮೂರು ವರ್ಷಗಳ ನಂತರ ಆಕೆ ತೀರಿಕೊಂಡಳು.

ಈ ಕಥೆ ಹೇಳಿದರೆ, "ನೋಡಿ, ಮನಸ್ಸಿದ್ದರೆ ಅಡಿಗೆಮನೆಯೂ ಪ್ರಯೋಗಶಾಲೆ" ಎಂದು ಸಮಾಧಾನಪಡುವವರುಂಟು. ನನಗೆ ಆ ಮಾತು ಒಗ್ಗದು. ಸುಮಾರು ಹತ್ತು ವರ್ಷ ಆಕೆಯ ದುಡಿಮೆ ಲೋಕದ ಕಣ್ಣಿಗೆ ಬೀಳಲಿಲ್ಲ. ಆ ನಷ್ಟ ಅವಳದಷ್ಟೇ ಅಲ್ಲ, ವಿಜ್ಞಾನದ್ದೂ ಹೌದು. ನನ್ನ ತರಗತಿಯಲ್ಲಿ ಎಲ್ಲರಿಗಿಂತ ಮೊದಲು "ಏಕೆ ಮೇಷ್ಟ್ರೇ?" ಎಂದು ಕೇಳುತ್ತಿದ್ದ ಎಷ್ಟೋ ಹುಡುಗಿಯರ ಓದು ಹತ್ತನೆಯ ತರಗತಿಗೇ ನಿಂತುಹೋಯಿತು. ಅವರಲ್ಲಿ ಈಗ ಅಜ್ಜಿಯರಾದವರೂ ಇದ್ದಾರೆ. ಅವರಿಗೆ ನನ್ನ ಒಂದೇ ಅರಿಕೆ: ನಿಮ್ಮ ಮೊಮ್ಮಗಳು ತೊಳೆಯುವ ಪಾತ್ರೆಯ ನೀರು ನೋಡುತ್ತ ಮೈಮರೆತು ನಿಂತರೆ, ಬೇಗ ಮುಗಿಸೆಂದು ಗದರಿಸಬೇಡಿ. ಏನು ಕಂಡಿತೆಂದು ಕೇಳಿ. ಕೇಳಿ, ಅವಳನ್ನು ಕಾಲೇಜಿಗೂ ಕಳಿಸಿ.